ಬೀಡಿ ಅಜ್ಜಿಗೆ ಬಿದ್ದ ನಾಲ್ಕು ಒಂದು

ಬೆಳ್ಳಾರೆಯ ಮೇದಪ್ಪನವರು ಪಕ್ಷಪಾತ ಮಾಡುವವರಲ್ಲ ಎಂಬ ವಿಷಯದಲ್ಲಿ ಊರಿನಲ್ಲಿ ಎರಡು ಅಭಿಪ್ರಾಯವಿರಲಿಲ್ಲ. ಇದ್ದಿದ್ದರೂ ಎರಡನೆಯದನ್ನು ಅವರೆದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊಯಿಲದ ಜಾನುವಾರು ಫಾರ್ಮಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಅವರು ತಮ್ಮ ಕಾಲದಲ್ಲಿ ಎಷ್ಟೋ ಪ್ರದರ್ಶನಗಳಲ್ಲಿ ದನಗಳಿಗೆ ಅಂಕ ಕೊಟ್ಟವರು. ದನಕ್ಕೆ ಅಂಕ ಕೊಟ್ಟವರು ಮನುಷ್ಯರಿಗೂ ಕೊಡಬಲ್ಲರು ಎಂದು ಊರವರು ಅವರನ್ನು ರಂಗೋಲಿ, ಹಗ್ಗಜಗ್ಗಾಟ, ಮುದ್ದುಕೃಷ್ಣ ಎಂದು ಎಲ್ಲ ಸ್ಪರ್ಧೆಗೂ ತೀರ್ಪುಗಾರರಾಗಿ ಕರೆಯುತ್ತಿದ್ದರು. ಒಂದು ವರ್ಷ ಮುದ್ದುಕೃಷ್ಣ ಸ್ಪರ್ಧೆಯಲ್ಲಿ ಅವರ ಸ್ವಂತ ಮೊಮ್ಮಗನೂ ಕೊಳಲು ಹಿಡಿದು ನಿಂತಿದ್ದ. ಮೇದಪ್ಪನವರು ಅವನ ಕಡೆ ತಿರುಗಿಯೂ ನೋಡದೆ, ಮಡಕೆಯೊಳಗಿನ ನಿಜವಾದ ಬೆಣ್ಣೆಯನ್ನು ಬಳಿದು ತಿಂದು ವೇದಿಕೆಯ ಮೇಲೆಯೇ ವಾಂತಿ ಮಾಡಿದ ಮಗುವಿಗೆ ಮೊದಲ ಬಹುಮಾನ ಕೊಟ್ಟರು. "ಉಳಿದವರು ವೇಷ ಹಾಕಿದ್ದು ಮಾತ್ರ. ಇವ ಕೆಲಸ ಮಾಡಿದ್ದಾನೆ" ಎಂದು ಮೈಕಿನಲ್ಲಿ ಕಾರಣವನ್ನೂ ಹೇಳಿದರು. ಮಗಳು ಮೂರು ತಿಂಗಳು ಅಪ್ಪನಿಗೆ ಫೋನು ಮಾಡಲಿಲ್ಲ. ಆ ಮೂರು ತಿಂಗಳನ್ನು ಅವರು ಎದೆಗೆ ಚುಚ್ಚಿಕೊಂಡ ಪದಕದಂತೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದರು.

ಇಂಥವರ ಮನೆಗೆ ತಮ್ಮನ ಮಗಳು ಭವಿತಾ ಬಂದು ಸೇರಿದಳು. ಕಡಬದ ಅವಳ ಮನೆಯಲ್ಲಿ ಅಣ್ಣನ ಅವಳಿ ಮಕ್ಕಳು ಅವಳು ಮಾಡುವ ಪುಟ್ಟ ಗೊಂಬೆಗಳನ್ನು ಕಂಡಲ್ಲಿ ಬಾಯಿಗೆ ಹಾಕಿಕೊಳ್ಳುತ್ತಿದ್ದವು. ಒಂದು ಕುದುರೆ ಸವಾರನನ್ನು ಹೊರಗೆ ತರಲು ಡಾಕ್ಟರರ ಬಳಿಗೇ ಓಡಬೇಕಾಯಿತು. ದೊಡ್ಡಪ್ಪನ ಮನೆಯಲ್ಲಾದರೆ ಮಕ್ಕಳಿಲ್ಲ, ಕಿಟಕಿಯಿಂದ ಒಳ್ಳೆಯ ಬೆಳಕು ಬೀಳುವ ಒಂದು ಕೋಣೆ ಖಾಲಿ, ಪುತ್ತೂರಿಗೆ ಬಸ್ಸಿಗೂ ತೊಂದರೆಯಿಲ್ಲ. ಅವಳ ಕೆಲಸ ಪುತ್ತೂರಿನ ಹಲ್ಲಿನ ಲ್ಯಾಬೊಂದರಲ್ಲಿ. ಕಟ್ಟುಹಲ್ಲು ತಯಾರಿಸಿ, ಪಕ್ಕದ ನಿಜವಾದ ಹಲ್ಲಿನ ಬಣ್ಣಕ್ಕೆ ಹೊಂದುವಂತೆ ಕೂದಲಿನಷ್ಟು ತೆಳ್ಳಗಿನ ಕುಂಚದಿಂದ ತೀಡಬೇಕು. ಎಲೆ ಅಡಿಕೆ ತಿಂದ ಹಲ್ಲಿನ ಬಣ್ಣ ಹೊಂದಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಪ್ರತೀತಿ.

ಸಂಜೆ ಮನೆಗೆ ಬಂದರೂ ಕೈಯಲ್ಲಿ ಕುಂಚವೇ. ಹೆಬ್ಬೆರಳಿಗಿಂತ ಗಿಡ್ಡದಾದ ಗೊಂಬೆಗಳನ್ನು ಮೇಣದಲ್ಲಿ ಕೆತ್ತಿ, ಅಚ್ಚು ತೆಗೆದು, ಬಣ್ಣ ಬಳಿದು, ಮುಂದಿನಿಂದ ಹಿಂದಿನಿಂದ ಫೋಟೋ ತೆಗೆದು ಇಂಟರ್ನೆಟ್ಟಿನ ಒಂದು ಗ್ಯಾಲರಿಗೆ ಹಾಕುತ್ತಿದ್ದಳು. ಲೋಕದ ಎಲ್ಲ ಕಡೆಯ ಗೊಂಬೆ ಹುಚ್ಚರು ಅಲ್ಲಿ ತಮ್ಮ ಗೊಂಬೆ ತೋರಿಸಿ, ಬೇರೆಯವರ ಗೊಂಬೆಗೆ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಿದ್ದರು. ತಿಂಗಳ ಕೊನೆಗೆ ಮೊದಲ ಮೂರರಲ್ಲಿ ಬಂದವರನ್ನು ಪೋಲೆಂಡಿನ ಒಬ್ಬ ಗೊಂಬೆ ತಯಾರಕ ತನ್ನ ಹೊಸ ಗೊಂಬೆಗಳಿಗೆ ಬಣ್ಣ ಬಳಿಯಲು ಕರೆಯುತ್ತಿದ್ದ. ಬಳಿದವರ ಹೆಸರು ಪೆಟ್ಟಿಗೆಯ ಮೇಲೆ ಅಚ್ಚಾಗುತ್ತಿತ್ತು. ಆ ಪೆಟ್ಟಿಗೆಯ ಮೇಲೆ ತನ್ನ ಹೆಸರು ನೋಡಬೇಕೆಂಬುದು ಭವಿತಾಳಿಗೆ ಇದ್ದ ಒಂದೇ ಆಸೆ. ಚಿನ್ನದ ಬಳೆ ಕೇಳುವ ವಯಸ್ಸಿನ ಹುಡುಗಿ ರಟ್ಟಿನ ಪೆಟ್ಟಿಗೆ ಕೇಳುತ್ತಾಳಲ್ಲ ಎಂದು ದೊಡ್ಡಮ್ಮ ಈಶ್ವರಿಯವರಿಗೆ ಆಶ್ಚರ್ಯ.

ಮೇದಪ್ಪನವರ ಆಶ್ಚರ್ಯ ಬೇರೆ. "ಅಂಕ ಕೊಡುದು ಯಾರು?" ಎಂದು ಕೇಳಿದರು.

"ಯಾರು ಬೇಕಾದ್ರೂ ಕೊಡ್ಲಿಕ್ಕೆ ಆಗ್ತದೆ ದೊಡ್ಡಪ್ಪ. ಹೆಸರು ಸೇರಿಸಿದ್ರೆ ಆಯ್ತು."

"ಅನುಭವ ಎಂತ ಬೇಡ್ವಾ?"

"ಬೇಡ."

ಅನುಭವ ಬೇಡದಲ್ಲಿಗೆ ಅನುಭವಸ್ಥ ಹೋಗುವುದು ಕರ್ತವ್ಯ ಎಂದು ಅವರಿಗೆ ತೋರಿತು. ಮರುದಿನವೇ ಪೇಟೆಯ ಸಲಾಮನ ಮೊಬೈಲ್ ಅಂಗಡಿಗೆ ಹೋಗಿ ಫೋನಿನಲ್ಲಿ ಗ್ಯಾಲರಿ ಹಾಕಿಸಿಕೊಂಡು ಬಂದು ಕೆಲಸ ಶುರು ಮಾಡಿದರು. ಅವರಿಗೆ ಗೊತ್ತಿದ್ದ ಪದ್ಧತಿ ಒಂದೇ: ಮೊದಲು ಹಲ್ಲು, ಆಮೇಲೆ ಬೆನ್ನು, ಆಮೇಲೆ ಗೊರಸು, ಕೊನೆಗೆ ನಡೆ. ಗೊಂಬೆ ನಡೆಯುವುದಿಲ್ಲವಾದ್ದರಿಂದ ನಡೆಗೆ ಎಲ್ಲರಿಗೂ ಸಮಾನ ಅಂಕ. ಜರ್ಮನಿಯವನೊಬ್ಬನ ಡ್ರ್ಯಾಗನ್ನಿಗೆ ಏಳು ಕೊಟ್ಟು, "ಹಲ್ಲು ಉತ್ತಮ. ಬೆನ್ನು ತುಸು ತಗ್ಗಿದೆ. ಮೇವು ಸಾಲದು" ಎಂದು ಕನ್ನಡದಲ್ಲೇ ಬರೆದರು. ಯಂತ್ರ ಅದನ್ನು ಅವರವರ ಭಾಷೆಗೆ ತಿರುಗಿಸಿ ಮುಟ್ಟಿಸುತ್ತಿತ್ತು. ಬ್ರೆಜಿಲಿನ ಒಬ್ಬಾಕೆ ತನ್ನ ಮಾಟಗಾತಿಯ ಗೊರಸಿನ ಬಗ್ಗೆ ಬಂದ ಟೀಕೆಯನ್ನು ಓದಿ, ಗೊಂಬೆಯ ಪಾದವನ್ನು ಎಷ್ಟು ತಿರುಗಿಸಿ ನೋಡಿದರೂ ಅರ್ಥವಾಗದೆ, ಕೊನೆಗೆ ಕ್ಷಮೆ ಕೇಳಿದಳು. ಮೇದಪ್ಪನವರು ದೊಡ್ಡ ಮನಸ್ಸಿನಿಂದ ಅರ್ಧ ಅಂಕ ಹೆಚ್ಚಿಸಲು ಹೋದರು. ಅಲ್ಲಿ ಅರ್ಧ ಅಂಕ ಇರಲಿಲ್ಲ.

ಹೀಗೆ ನೂರು ಗೊಂಬೆ ದಾಟಿದ ದಿನ ಅವರ ಹೆಸರಿನ ಪಕ್ಕ ಸಣ್ಣದೊಂದು ಸುತ್ತಿಗೆಯ ಚಿತ್ರ ಮೂಡಿ, ಕೆಳಗೆ 'ಜಡ್ಜ್' ಎಂದು ಬಂತು. ನೂರು ದಾಟಿದ ಯಾರಿಗಾದರೂ ಅದು ತಾನಾಗಿ ಬರುತ್ತದೆ ಎಂದು ಭವಿತಾ ಹೇಳಿದಳು. ಅಷ್ಟರಲ್ಲಿ ಮೇದಪ್ಪನವರು ಅಂಗಿ ಹಾಕಿಕೊಂಡು ಪೇಟೆಗೆ ಹೊರಟಾಗಿತ್ತು.

ಸಂಜೆಯೊಳಗೆ ಬೆಳ್ಳಾರೆಗೆಲ್ಲ ಸುದ್ದಿಯಾಯಿತು. ಸಲಾಂ ಅಂಗಡಿಗೆ ಬಂದವರಿಗೆಲ್ಲ, "ನಮ್ಮ ಮೇದಪ್ಪಣ್ಣ ಈಗ ಇಂಟರ್‌ನ್ಯಾಷನಲ್ ಜಡ್ಜ್ ಮಾರಾಯ್ರೆ, ಆಪ್ ಹಾಕಿಕೊಟ್ಟದ್ದು ನಾನೇ" ಎಂದು ಎರಡು ಜನರ ಕೀರ್ತಿಯನ್ನು ಒಟ್ಟಿಗೇ ಹರಡಿದ. ಸುಳ್ಯಕ್ಕೆ ಈ ಸುದ್ದಿ ಮುಟ್ಟುವಷ್ಟರಲ್ಲಿ ಅವರು ಹೈಕೋರ್ಟಿನ ಜಡ್ಜೇ ಆಗಿಬಿಟ್ಟಿದ್ದರು. ಯುವಕ ಮಂಡಲದ ಅಧ್ಯಕ್ಷ ಸುಜಯ್ ಶಾಲು, ಹಾರ, ಹಣ್ಣಿನ ಬುಟ್ಟಿ ಸಮೇತ ಸನ್ಮಾನ ಮಾಡಿಯೇಬಿಟ್ಟ. ಸನ್ಮಾನಪತ್ರದಲ್ಲಿ 'ವಿಶ್ವದ ಗೊಂಬೆಗಳು ಯಾರ ಮುಂದೆ ತಲೆಬಾಗುತ್ತವೆಯೋ' ಎಂಬ ಒಂದು ಸಾಲು ಇತ್ತು. ಅದನ್ನು ಓದುವಾಗ ಮೇದಪ್ಪನವರು ಕಣ್ಣೊರೆಸಿಕೊಂಡರು.

ಈ ಸುದ್ದಿಯ ಬೆನ್ನಿಗೇ ಭವಿತಾ ತನ್ನ ಹೊಸ ಗೊಂಬೆಯನ್ನು ಮುಗಿಸಿದಳು. ಈ ಬಾರಿ ಡ್ರ್ಯಾಗನ್ನೂ ಅಲ್ಲ, ಸೈನಿಕನೂ ಅಲ್ಲ. ಮಡಿಲಲ್ಲಿ ಮೊರ ಇಟ್ಟುಕೊಂಡು, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿನಿಂದ ನೋಡುತ್ತ ಬೀಡಿ ಕಟ್ಟುವ ಒಬ್ಬಳು ಅಜ್ಜಿ. ಎದುರು ಮನೆಯ ಪಂಕಜಾಕ್ಷಿ ಅದನ್ನು ನೋಡಿದ್ದೇ, "ಅಯ್ಯೋ, ಇದು ನಾನೇ ಅಲ್ವಾ! ಆದ್ರೆ ನನ್ನನ್ನು ಅಜ್ಜಿ ಮಾಡಿದ್ದು ಯಾಕೆ?" ಎಂದರು. ಅವರಿಗೆ ಅರುವತ್ತು ದಾಟಿ ಕೆಲವು ವರ್ಷವಾಗಿದೆ. ಎಷ್ಟು ಎಂದು ಕೇಳುವ ಪದ್ಧತಿ ಇಲ್ಲ.

ಸುಜಯ್ ಬೈಕಿನಲ್ಲಿ ಹಾರಿ ಬಂದ. "ಭವಿತಕ್ಕ, ನೀವು ಎಂತದೂ ಮಾಡುದು ಬೇಡ. ಮಂಡಲದ ಎಲ್ಲರ ಫೋನಿಗೂ ಸಲಾಮಣ್ಣನ ಹತ್ರ ಆಪ್ ಹಾಕಿಸ್ತೇನೆ. ಎಲ್ಲರೂ ಹತ್ತು ಒತ್ತುದು. ಪೋಲೆಂಡಿನವ ಬೆಳ್ಳಾರೆಗೇ ಬಂದು ಕಾಲು ಹಿಡಿಯಬೇಕು."

ಭವಿತಾ ಕುಂಚ ಕೆಳಗಿಟ್ಟಳು. "ನೋಡು ಸುಜಯ್, ಊರವರು ಒಬ್ಬರೂ ಇದಕ್ಕೆ ಅಂಕ ಕೊಡಬಾರದು. ನೀವು ನನ್ನ ಮುಖ ನೋಡಿ ಕೊಡುದು, ಗೊಂಬೆ ನೋಡಿ ಅಲ್ಲ. ಯಾರಾದ್ರೂ ಒತ್ತಿದ್ದು ಗೊತ್ತಾದ್ರೆ ನಾನು ಗೊಂಬೆಯನ್ನೇ ತೆಗೆದುಬಿಡ್ತೇನೆ."

ಮೇದಪ್ಪನವರು ಜಗಲಿಯಿಂದ ಎದ್ದು ಬಂದು, "ಸರಿಯಾಗಿ ಹೇಳಿದೆ ಮಗಾ! ಇದು ನನ್ನ ರಕ್ತ" ಎಂದು ಅವಳ ತಲೆ ಮುಟ್ಟಿದರು. ಅಲ್ಲಿದ್ದವರೆಲ್ಲ, ಅಂದರೆ ಈಶ್ವರಿ, ಪಂಕಜಾಕ್ಷಿ, ಸುಜಯನ ಹಿಂದೆ ಬೈಕಿನಲ್ಲಿ ಬಂದಿದ್ದ ಸಲಾಂ, ಎಲ್ಲರೂ ಒತ್ತುವುದಿಲ್ಲ ಎಂದು ಮಾತು ಕೊಟ್ಟರು. ಮೇದಪ್ಪನವರು ಎಲ್ಲರಿಗಿಂತ ಗಟ್ಟಿಯಾಗಿ ಕೊಟ್ಟರು.

ಬೀಡಿ ಅಜ್ಜಿಯನ್ನು ನೋಡಲೆಂದೇ ಈಶ್ವರಿ, ಪಂಕಜಾಕ್ಷಿ ತಮ್ಮ ಫೋನಿಗೂ ಸಲಾಮನ ಕೈಯಲ್ಲಿ ಆಪ್ ಹಾಕಿಸಿಕೊಂಡರು. ಅವಳು ಗ್ಯಾಲರಿಗೆ ಹೋದದ್ದೇ ತಡ, ಅಂಕ ಬೀಳತೊಡಗಿತು. ಜಪಾನಿನಿಂದ ಹತ್ತು. ಕೆನಡಾದಿಂದ ಹತ್ತು. ಬ್ರೆಜಿಲಿನಿಂದ ಹತ್ತು, ಮಾಟಗಾತಿಯವಳೇ ಇರಬೇಕು. ಯಾರು ಕೊಟ್ಟರೆಂದು ಹೆಸರು ಕಾಣುವುದಿಲ್ಲ, ಅಂಕದ ಪಕ್ಕ ದೇಶದ ಬಾವುಟ ಮಾತ್ರ, ಅದೂ ಗೊಂಬೆ ಮಾಡಿದವರ ಫೋನಿನಲ್ಲಷ್ಟೇ ಕಾಣುತ್ತದೆ. ಪೋರ್ಚುಗಲ್ಲಿನ ಒಬ್ಬ ಮಾತ್ರ ಐದು ಕೊಟ್ಟು ಉದ್ದಕ್ಕೆ ಏನೋ ಬರೆದಿದ್ದ. "ಅವನಿಗೆ ಮನೆಯಲ್ಲಿ ಜಗಳ ಆಗಿರಬೇಕು" ಎಂದು ಈಶ್ವರಿ ತೀರ್ಪು ಕೊಟ್ಟರು. ಉಳಿದಂತೆ ಹತ್ತೇ ಹತ್ತು. ಬೀಡಿ ಅಜ್ಜಿ ಮೊದಲನೆಯ ಸ್ಥಾನದಲ್ಲಿ ಮೊರ ಹಿಡಿದು ಕುಳಿತುಬಿಟ್ಟಳು.

ಮೇದಪ್ಪನವರಿಗೆ ಮೊದಲ ದಿನ ಸಂತೋಷವಾಯಿತು. ಎರಡನೆಯ ದಿನ ಅದು ಹೆಮ್ಮೆಯಾಯಿತು. ಮೂರನೆಯ ದಿನ ಎದೆಯೊಳಗೆ ಏನೋ ಕುಟುಕತೊಡಗಿತು. ಜಾನುವಾರುಗಳ ಜೊತೆ ಜೀವಮಾನ ಕಳೆದವರಿಗೆ ಒಂದು ಸತ್ಯ ಗೊತ್ತಿರುತ್ತದೆ. ಹಿಂದೆ ಒಂದು ಪ್ರದರ್ಶನದಲ್ಲಿ ಕಬಕದ ಕಡೆಯ ಒಂದು ಹಸುವನ್ನು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಕೆಚ್ಚಲೆಂದರೆ ಇದು, ಬಣ್ಣವೆಂದರೆ ಇದು ಎಂದರು. ಮರುದಿನ ಅದು ಒಂದು ತೊಟ್ಟು ಹಾಲು ಕೊಡಲಿಲ್ಲ. ಹಾಲು ಕರೆಯಲು ಹೋದ ಯಜಮಾನನಿಗೆ ಒದ್ದ ಒದೆ ಬೇರೆ. ಅಂದಿನಿಂದ ಮೇದಪ್ಪನವರು ಎಷ್ಟೇ ಒಳ್ಳೆಯ ದನಕ್ಕೂ 'ಬಾಲ ಸ್ವಲ್ಪ ಗಿಡ್ಡ' ಎಂದು ಒಂದು ಕುಂದು ಬರೆಯದೆ ಬಿಡುತ್ತಿರಲಿಲ್ಲ. ಮಗುವಿನ ಕೆನ್ನೆಗೆ ಇಡುವ ಕಪ್ಪು ಬೊಟ್ಟಿನ ಹಾಗೆ ಅದು. ಕುಂದು ಇದ್ದಲ್ಲಿ ಕಣ್ಣು ಬೀಳುವುದಿಲ್ಲ.

ಈಗ ನೋಡಿದರೆ ಇಡೀ ಲೋಕದ ಕಣ್ಣು ಹುಡುಗಿಯ ಮೇಲೆ! ಜಪಾನಿನ ಕಣ್ಣು, ಕೆನಡಾದ ಕಣ್ಣು. ಪೋರ್ಚುಗಲ್ಲಿನವನ ಐದು ಏನೇನೂ ಸಾಲದು, ಅಷ್ಟು ದೊಡ್ಡ ದೃಷ್ಟಿಗೆ ಐದು ತಡೆಯುವುದೆಂದರೆ ಉಂಟೇ? ಅಂದು ಬೆಳಿಗ್ಗೆ ಭವಿತಾ ಚೂರಿ ತಾಗಿ ಬೆರಳು ಕೊಯ್ದುಕೊಂಡಳು. ಬಸ್ಸಿಗೆ ಹೊರಟವಳು ಮೆಟ್ಟಿಲಲ್ಲಿ ಎಡವಿದಳು. ಅವಳಿಗೆ ಸೀನೂ ಬಂತು. ಮೇದಪ್ಪನವರಿಗೆ ಇನ್ನು ತಡೆಯಲಾಗಲಿಲ್ಲ. ಕೊಟ್ಟಿಗೆಯ ಹಿಂದೆ ಹೋಗಿ, ಸುತ್ತ ನೋಡಿ, ಕಣ್ಣುಮುಚ್ಚಿ ದೇವರನ್ನು ನೆನೆದು, ಬೀಡಿ ಅಜ್ಜಿಗೆ 'ಒಂದು' ಒತ್ತಿದರು. ಮಗುವಿಗೆ ಬೊಟ್ಟಿಟ್ಟ ತಾಯಿಯ ಮನಸ್ಸಿನಷ್ಟು ಹಗುರವಾಯಿತು. ಒಳಗೆ ಬಂದು ಎರಡು ಲೋಟ ಕಾಫಿ ಕುಡಿದರು.

ಸಂಜೆ ಭವಿತಾ ಮನೆಗೆ ಬಂದು ಫೋನು ನೋಡಿದವಳು ಚಪ್ಪಲಿಯನ್ನೂ ಬಿಚ್ಚದೆ ಜಗಲಿಯ ಮೇಲೆ ಕುಳಿತುಬಿಟ್ಟಳು. ಬೀಡಿ ಅಜ್ಜಿ ಮೊದಲನೆಯ ಸ್ಥಾನದಿಂದ ಹನ್ನೊಂದಕ್ಕೆ ಜಾರಿದ್ದಳು.

"ಎಂತಾಯ್ತು ಮಗಾ?" ಎಂದು ಮೇದಪ್ಪನವರು ಕೇಳಿದರು. ಒಂದು ಬೊಟ್ಟಿಗೆ ಇಷ್ಟು ಇಳಿಯುವುದುಂಟೇ ಎಂದು ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಯಾರೋ ಒಂದು ಕೊಟ್ಟಿದ್ದಾರೆ ದೊಡ್ಡಪ್ಪ. ಒಬ್ಬರಲ್ಲ, ನಾಲ್ಕು ಜನ. ನಾಲ್ಕೂ ನಮ್ಮ ದೇಶದ ಬಾವುಟವೇ."

ಮೇದಪ್ಪನವರ ಬಾಯಿ ತೆರೆದೇ ಉಳಿಯಿತು. ಅವರು ಕೊಟ್ಟದ್ದು ಒಂದು ಒಂದು. ಹಾಗಾದರೆ ಉಳಿದ ಮೂರು? ತಮ್ಮ ಒಂದು ಪ್ರೀತಿಯ ಒಂದು, ಅದರ ಲೆಕ್ಕ ದೇವರ ಹತ್ತಿರ ಇದೆ. ಆದರೆ ಏನೂ ಅರಿಯದ ಹುಡುಗಿಗೆ ದ್ವೇಷದಿಂದ ಒಂದು ಕೊಟ್ಟ ಆ ಮೂವರು ಪಾಪಿಗಳು ಯಾರು? ಅವರಿಗೆ ನಿಜವಾಗಿಯೂ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲ ಬಂತು. ರಾತ್ರಿ ಊಟಕ್ಕೆ ಭವಿತಾ ಬರಲಿಲ್ಲ. ಮೇದಪ್ಪನವರು ಅನ್ನದ ಮುಂದೆ ಕುಳಿತು, "ಮೂರು ಜನ!" ಎಂದರು. ಬಡಿಸುತ್ತಿದ್ದ ಈಶ್ವರಿ, "ನಾಲ್ಕಲ್ವಾ?" ಎಂದರು. "ಹೌದು, ನಾಲ್ಕು, ನಾಲ್ಕು" ಎಂದು ಮೇದಪ್ಪನವರು ಮಜ್ಜಿಗೆಯನ್ನು ಸಾರಿಗೆ ಸುರಿದುಕೊಂಡರು. ಈಶ್ವರಿಯೂ ಅದನ್ನು ಗಮನಿಸದೆ, "ನಾನಂತೂ ಆ ಮೂವರನ್ನು ಬಿಡುದಿಲ್ಲ" ಎಂದರು.

ಮರುದಿನ ಭಾನುವಾರ, ಸುದ್ದಿ ಊರಿಗೆಲ್ಲ ಗೊತ್ತಾಯಿತು. ಸುಜಯ್ ತನಿಖಾ ಸಮಿತಿ ರಚಿಸಿದ. ಅಧ್ಯಕ್ಷರು ಯಾರೆಂಬ ಪ್ರಶ್ನೆಯೇ ಏಳಲಿಲ್ಲ. ಪಕ್ಷಪಾತ ಇಲ್ಲದವರು, ಅದೂ ಇಂಟರ್‌ನ್ಯಾಷನಲ್ ಜಡ್ಜ್, ಮನೆಯಲ್ಲೇ ಇರುವಾಗ ಬೇರೆಯವರನ್ನು ಕರೆಯುವುದೆಂತು? ಬೇಲಿಯೇ ಹೊಲ ಮೇಯುವುದನ್ನು ನಾವು ಕೇಳಿದ್ದೇವೆ. ಮೇಯ್ದ ಬೇಲಿಯನ್ನೇ ತನಿಖೆಗೆ ಕೂರಿಸಿ ಶಾಲು ಹೊದಿಸಿದ್ದು ಬೆಳ್ಳಾರೆಯವರು.

ಸಭೆ ಮೇದಪ್ಪನವರ ಜಗಲಿಯಲ್ಲೇ ಸೇರಿತು. ಸುಜಯನ ಸಂಶಯ ಕಬಕದವರ ಮೇಲೆ. "ವಾಲಿಬಾಲಿನಲ್ಲಿ ನಾವು ಅವರನ್ನು ಸೋಲಿಸಿದ್ದೇವಲ್ಲ, ಅದರ ಹೊಟ್ಟೆಕಿಚ್ಚು."

"ವಾಲಿಬಾಲಿಗೂ ಗೊಂಬೆಗೂ ಎಂತ ಸಂಬಂಧ?" ಎಂದಳು ಭವಿತಾ.

"ಹೊಟ್ಟೆಕಿಚ್ಚಿಗೆ ಸಂಬಂಧ ಬೇಕಾ ಅಕ್ಕ?"

ಅಧ್ಯಕ್ಷರು ಗಂಭೀರವಾಗಿ ತಲೆಯಾಡಿಸಿ, "ಕಬಕ ಸಾಧ್ಯ ಉಂಟು" ಎಂದರು. ಸಲಾಂ, "ಕಬಕವೇ ಮಾರಾಯ್ರೆ, ನನಗೆ ಮೊದಲೇ ಅನಿಸಿತ್ತು" ಎಂದ. ಪಂಕಜಾಕ್ಷಿ ಬೀಡಿ ಕಟ್ಟುತ್ತಲೇ, "ಕಬಕದವರೇ. ನನ್ನ ತಂಗಿಯನ್ನು ಅಲ್ಲಿಗೆ ಕೊಟ್ಟು ನಮಗೆ ಗೊತ್ತುಂಟು" ಎಂದರು. ಈಶ್ವರಿ ಎಲ್ಲರಿಗೂ ಅವಲಕ್ಕಿ ಕೊಡುತ್ತ, "ಪಾಪ, ಕಬಕದವರು ಅಂತ ಹೇಳ್ಲಿಕ್ಕೆ ಬೇಸರ ಆಗ್ತದೆ. ಆದ್ರೆ ಬೇರೆ ಯಾರು?" ಎಂದರು. ಆ ಹೊತ್ತಿನಲ್ಲಿ ಕಬಕದಲ್ಲಿ ಯಾರೂ ಆ ಗ್ಯಾಲರಿಯ ಹೆಸರನ್ನೇ ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು.

ಇಷ್ಟು ಬೇಗ ಇಷ್ಟು ಒಮ್ಮತ ಬೆಳ್ಳಾರೆಯ ಯಾವ ಸಭೆಯಲ್ಲೂ ಬಂದದ್ದಿಲ್ಲ. ಭವಿತಾ ಮಾತ್ರ ಒಪ್ಪಲಿಲ್ಲ. "ಕಾರಣ ಗೊತ್ತಾದ್ರೆ ಸಾಕಿತ್ತು ನನಗೆ" ಎಂದು ಮೆಲ್ಲಗೆ ಹೇಳಿದಳು. "ಚೆನ್ನಾಗಿಲ್ಲ ಅಂತ ಕೊಟ್ಟದ್ದಾದ್ರೆ ಎಂತ ಚೆನ್ನಾಗಿಲ್ಲ ಅಂತ ಬರೀಬೇಕಿತ್ತು. ಇವತ್ತು ರಾತ್ರಿಗೆ ತಿಂಗಳು ಮುಗೀತದೆ. ಪೆಟ್ಟಿಗೆ ಹೋಯ್ತು. ಹೋಗ್ಲಿ. ಆದ್ರೆ ನನ್ನ ಕೈಯಲ್ಲಿ ಎಂತ ತಪ್ಪಾಯ್ತು ಅಂತಲೇ ತಿಳಿಯದಿದ್ರೆ ಮುಂದಿನ ಗೊಂಬೆಗೆ ಕುಂಚ ಹಿಡಿಯುದು ಹೇಗೆ?" ಅವಳ ಕಣ್ಣು ತುಂಬಿತ್ತು. ಮೇದಪ್ಪನವರು ಅವಲಕ್ಕಿಯ ತಟ್ಟೆಯನ್ನು ಬದಿಗೆ ಸರಿಸಿದರು.

ಇದನ್ನು ನೋಡಿ ಸುಜಯನಿಗೆ ರೋಷ ಉಕ್ಕಿತು. ಅವನು ಬೈಕಿನ ಚೀಲದಿಂದ ಒಂದು ತೆಂಗಿನಕಾಯಿ, ಕರ್ಪೂರ ತೆಗೆದ. "ಇನ್ನು ಮಾತು ಬೇಡ. ದೇವರ ಮುಂದೆ ಕಾಯಿ ಇಟ್ಟು ಹೇಳಿಬಿಡುದು. ಕಬಕದವರಾಗ್ಲಿ, ಯಾರೇ ಆಗ್ಲಿ, ಒಂದು ಒತ್ತಿದವರ ಆ ಬೆರಳು ಉಂಟಲ್ಲ, ಒಂದು ವಾರದ ಒಳಗೆ ಕೋಲಿನ ಹಾಗೆ ಸೆಟೆದು ಹೋಗ್ಲಿ! ಮತ್ತೆ ಮಡಚ್ಲಿಕ್ಕೆ ಆಗಬಾರದು!"

ಆಣೆ, ಹರಕೆ, ಪ್ರಮಾಣದ ಮಾತು ನಮ್ಮ ಕಡೆ ತಮಾಷೆಯಲ್ಲ. ಕೋರ್ಟಿನಲ್ಲಿ ಧೈರ್ಯವಾಗಿ ನಿಂತವರು ತೆಂಗಿನಕಾಯಿಯ ಮುಂದೆ ನಡುಗಿದ್ದುಂಟು. ಸುಜಯ್ ಕಾಯಿಯನ್ನು ತುಳಸಿಕಟ್ಟೆಯ ಮುಂದೆ ಇಟ್ಟು ಕರ್ಪೂರಕ್ಕೆ ಬೆಂಕಿಕಡ್ಡಿ ಗೀರಿದ.

"ನಿಲ್ಲು ಮಾರಾಯ!" ಎಂದರು ಮೇದಪ್ಪನವರು. "ಸಮಿತಿಯ ವರದಿ ಬರುವ ಮೊದಲು ಶಿಕ್ಷೆ ಕೊಡುದು ಕ್ರಮ ಅಲ್ಲ."

"ಇವತ್ತು ದಿನ ಒಳ್ಳೇದಿಲ್ಲ" ಎಂದು ಈಶ್ವರಿ ಓಡಿ ಬಂದು ಕಾಯಿಯನ್ನೇ ಸೆರಗಿನೊಳಗೆ ಇಟ್ಟುಕೊಂಡರು.

"ಒಂದು ವಾರ ಸಾಲದು, ಪಾಪ, ಅವರಿಗೂ ಮಕ್ಕಳು ಮರಿ ಇರ್ತದೆ" ಎಂದು ಸಲಾಂ ಬೆಂಕಿಕಡ್ಡಿಯನ್ನು ಊದಿ ಆರಿಸಿದ.

"ಬೆರಳು ಹೋದ್ರೆ ಬೀಡಿ ಕಟ್ಟುದು ಯಾರು?" ಎಂದು ಪಂಕಜಾಕ್ಷಿ ಕೂಗಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಇಲ್ಲಿ ನಾಲ್ಕು ಜನ ತಮ್ಮ ತಮ್ಮ ಬಲಗೈ ತೋರುಬೆರಳನ್ನು ಮುಷ್ಟಿಯೊಳಗೆ ಭದ್ರವಾಗಿ ಮಡಚಿ ಹಿಡಿದು ನಿಂತಿದ್ದರು. ಭವಿತಾ ಒಂದೊಂದೇ ಮುಷ್ಟಿಯನ್ನು ನೋಡಿದಳು. ಈಶ್ವರಿಯವರದ್ದು, ಸಲಾಮನದ್ದು, ಪಂಕಜಾಕ್ಷಿಯವರದ್ದು. ಕೊನೆಗೆ ಅಧ್ಯಕ್ಷರದ್ದು.

"ದೊಡ್ಡಪ್ಪ, ನೀವೂ?"

ಮೇದಪ್ಪನವರು ಹೊದ್ದಿದ್ದ ಶಾಲನ್ನು ತೆಗೆದು ಮಡಚಿ ಬದಿಗಿಟ್ಟರು. "ದೃಷ್ಟಿ ಆಗಬಾರದು ಅಂತ ಮಗಾ" ಎಂದರು. "ಎಲ್ಲರೂ ಹತ್ತು ಹತ್ತು ಕೊಟ್ರೆ ಹೆದರಿಕೆ ಆಗ್ತದೆ. ಬೆರಳು ಬೇರೆ ಕೊಯ್ದುಕೊಂಡೆ ನೀನು. ಆ ಹಸುವಿನ ಹಾಗೆ ಆದ್ರೆ ಅಂತ…"

"ನಾನೂ ಅದಕ್ಕೇ" ಎಂದರು ಈಶ್ವರಿ. "ನೀನು ಮಲಗಿದ ಮೇಲೆ ಉಪ್ಪು ಮೆಣಸು ಇಳಿಸಿ ದೃಷ್ಟಿ ತೆಗೆದೆ. ನಿನ್ನೆ ಬೆಳಿಗ್ಗೆ ನೀನು ಎಡವಿದಾಗ ಅದು ಸಾಲದು ಅನಿಸಿತು. ಒಂದು ಒತ್ತಿದೆ."

"ನನ್ನ ಮುಖ ಅಲ್ವಾ ಅದು?" ಎಂದರು ಪಂಕಜಾಕ್ಷಿ. "ಅಷ್ಟು ದೇಶದವರು ನೋಡಿದ್ರೆ ಜ್ವರ ಬರುದು ಯಾರಿಗೆ? ನನಗೂ ಆಯ್ತು, ನಿನಗೂ ಆಯ್ತು ಅಂತ ಒತ್ತಿದ್ದು."

ಸಲಾಂ ತಲೆ ತಗ್ಗಿಸಿ, "ನಮ್ಮಲ್ಲೂ ಕಣ್ಣು ಬೀಳುದು ಉಂಟು ಭವಿತಕ್ಕ" ಎಂದ. "ಒಬ್ಬರಾದ್ರೂ ಕಡಿಮೆ ಕೊಡಬೇಕಲ್ಲ, ಬೇರೆ ಯಾರೂ ಕೊಡುದಿಲ್ಲ ಅಂತ ನಾನು ಕೊಟ್ಟದ್ದು. ಮೂರು ಜನ ಮೊದಲೇ ಕೊಟ್ಟದ್ದು ಗೊತ್ತಿದ್ರೆ ನಾನು ಯಾಕೆ ಕೊಡ್ತೇನೆ?"

ನಾಲ್ವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಪ್ರತಿಯೊಬ್ಬರೂ ಉಳಿದ ಮೂವರನ್ನು ಪಾಪಿಗಳೆಂದು ಅಷ್ಟು ಹೊತ್ತೂ ಶಪಿಸಿದ್ದರು. ಸುಜಯನಿಗೆ ಮಾತ್ರ ಭಾರೀ ನಿರಾಸೆ. "ಹಾಗಾದ್ರೆ ಕಬಕದವರು ಎಂತದೂ ಮಾಡ್ಲಿಲ್ವಾ?" ಎಂದು ಕೇಳಿದ.

ಭವಿತಾ ನಗುತ್ತಾಳೋ ಅಳುತ್ತಾಳೋ ಯಾರಿಗೂ ತಿಳಿಯಲಿಲ್ಲ. ಬಹುಶಃ ಎರಡೂ ಬಂದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿದ್ದವು. "ನಾಲ್ಕು ಜನವೂ ಒಂದು ಪ್ರಶ್ನೆಗೆ ಉತ್ತರ ಹೇಳಿ" ಎಂದಳು. "ಒತ್ತುವ ಮೊದಲು ಗೊಂಬೆಯ ಹಿಂದಿನ ಫೋಟೋ ಯಾರಾದ್ರೂ ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. ಮುಂದಿನದ್ದನ್ನೇ ಸರಿಯಾಗಿ ನೋಡಿರಲಿಲ್ಲ.

"ಒಬ್ಬ ನೋಡಿದ್ದಾನೆ" ಎಂದು ಅವಳು ಫೋನು ತೆಗೆದಳು. "ಪೋರ್ಚುಗಲ್ಲಿನವ. ಐದು ಕೊಟ್ಟದ್ದಕ್ಕೆ ನೀವೆಲ್ಲ ಅವನ ಮನೆಯ ಜಗಳದವರೆಗೆ ಹೋದಿರಲ್ಲ, ಅವನು ಬರೆದದ್ದು ಕೇಳಿ. 'ಕನ್ನಡಕದ ಹೊಳಪು ಅದ್ಭುತ. ಆದರೆ ಎಡಗೈಯ ಹೆಬ್ಬೆರಳು ತಪ್ಪು ಬದಿಯಲ್ಲಿದೆ. ಇನ್ನೊಂದು, ಹಿಂದಿನಿಂದ ನೋಡಿದಾಗ ಎಡಕಿವಿಯ ಹಿಂದೆ ಒಂದು ಕಪ್ಪು ಚುಕ್ಕೆ ಬಿದ್ದಿದೆ. ಒರೆಸಲು ಮರೆತಿರಾ?'"

ಸುಜಯನೊಬ್ಬನಿಗೆ ಅರ್ಥವಾಗಲಿಲ್ಲ. ಉಳಿದ ನಾಲ್ವರಿಗೂ ಒಟ್ಟಿಗೇ ಅರ್ಥವಾಯಿತು.

"ಬೊಟ್ಟು" ಎಂದರು ಈಶ್ವರಿ.

"ಗೊಂಬೆ ಮುಗಿದ ಕೂಡಲೇ ಇಟ್ಟದ್ದು" ಎಂದಳು ಭವಿತಾ. "ನಾನು ಕೂಡ ಈ ಮನೆಯವಳೇ ಅಲ್ವಾ ದೊಡ್ಡಮ್ಮ? ಸಣ್ಣದಿರುವಾಗ ನನಗೆ ಕಿವಿಯ ಹಿಂದೆ ಇಡ್ತಾ ಇದ್ದದ್ದು ಯಾರು?"

ಮೇದಪ್ಪನವರು ಎದ್ದು ಅವಳ ಕೋಣೆಗೆ ಹೋದರು. ಲ್ಯಾಬಿನಿಂದ ತಂದ, ದೀಪ ಜೋಡಿಸಿದ ದೊಡ್ಡ ಭೂತಗನ್ನಡಿಯ ಕೆಳಗೆ ಬೀಡಿ ಅಜ್ಜಿಯನ್ನು ಇಟ್ಟುಕೊಂಡು ಕುಳಿತರು. ನೂರಾರು ಗೊಂಬೆಗಳಿಗೆ ಅಂಕ ಕೊಟ್ಟ ಜಡ್ಜರು ಒಂದು ಗೊಂಬೆಯನ್ನು ನಿಜವಾಗಿ ನೋಡಿದ್ದು ಅದೇ ಮೊದಲು. ಮೊರದಲ್ಲಿ ಎಲೆಯ ನರಗಳು ಕಂಡವು. ಸೀರೆಯ ಅಂಚಿನಲ್ಲಿ ಹೊಗೆಸೊಪ್ಪಿನ ಪುಡಿ ಕಂಡಿತು. ಬಲಗಿವಿಯ ಓಲೆ ದಿಂಬಿಗೆ ಉಜ್ಜಿ ಮಾಸಿತ್ತು, ಎಡಗಿವಿಯದ್ದು ಹೊಳೆಯುತ್ತಿತ್ತು. ಪಂಕಜಾಕ್ಷಿ ಬಲಗಡೆಗೆ ಮಗ್ಗುಲಾಗಿ ಮಲಗುವವರೆಂದು ಆಗ ಅವರಿಗೆ ತಿಳಿಯಿತು. ಗೊಂಬೆಯನ್ನು ಮೆಲ್ಲಗೆ ತಿರುಗಿಸಿದರೆ ಎಡಕಿವಿಯ ಹಿಂದೆ ಸಾಸಿವೆಗಿಂತ ಸಣ್ಣದಾಗಿ ಬೊಟ್ಟು ಇತ್ತು.

ಆಮೇಲೆ ಎಲ್ಲರೂ ಸರದಿಯಲ್ಲಿ ನೋಡಿದರು. ಪಂಕಜಾಕ್ಷಿ ತಮ್ಮ ಎಡಗೈಯನ್ನು ಗೊಂಬೆಯ ಪಕ್ಕ ಹಿಡಿದು, "ಆ ಪೋರ್ಚುಗಲ್ಲಿನವ ಹೇಳಿದ್ದು ಸರಿ ಮಾರಾಯ್ತಿ, ನನ್ನ ಹೆಬ್ಬೆರಳು ಹೀಗಲ್ಲ" ಎಂದು ಒಪ್ಪಿದರು. ಅಂಕ ಬದಲಿಸಲು ರಾತ್ರಿಯವರೆಗೆ ಅವಕಾಶವಿತ್ತು. ಅಳಿಸಲು ಅವಕಾಶವಿರಲಿಲ್ಲ. "ಇನ್ನು ಎಂತ ಒತ್ತುದು? ಹತ್ತಾ?" ಎಂದು ಸಲಾಂ ಕೇಳಿದ.

"ಕಂಡಷ್ಟು" ಎಂದಳು ಭವಿತಾ.

ಈಶ್ವರಿ, ಸಲಾಂ ಒಂಬತ್ತು ಒತ್ತಿದರು. ಪಂಕಜಾಕ್ಷಿ ತಮ್ಮನ್ನು ಅಜ್ಜಿ ಮಾಡಿದ್ದಕ್ಕೂ ಸೇರಿಸಿ ಕಳೆದು ಎಂಟು ಕೊಟ್ಟರು. ಮೇದಪ್ಪನವರು ಬಹಳ ಹೊತ್ತು ಯೋಚಿಸಿ ತಾವೂ ಎಂಟು ಕೊಟ್ಟು, ಕೆಳಗೆ ಬರೆದರು: "ಹೆಬ್ಬೆರಳು ತಪ್ಪಿದೆ. ಉಳಿದದ್ದು ನೋಡಿ ಕಣ್ಣು ತಣಿಯಿತು. ಬೊಟ್ಟು ಹೊಗಳಿಕೆಯ ದೃಷ್ಟಿ ತಾಗದಿರಲೆಂದು ಬೇಕೆಂದೇ ಇಟ್ಟದ್ದು, ದಯವಿಟ್ಟು ಒರೆಸಲು ಹೇಳಬೇಡಿ." ಅದನ್ನು ಓದಿ ಭವಿತಾ ದೊಡ್ಡಪ್ಪನ ಹೆಗಲಿಗೆ ಹಣೆ ತಾಗಿಸಿದಳು.

ಬೀಡಿ ಅಜ್ಜಿ ಮೂರನೆಯವಳಾಗಿ ಬಂದಳು. ನೀವು ಒಂಬತ್ತು ಕೊಟ್ಟಿದ್ದರೆ ಎರಡನೆಯವಳಾಗುತ್ತಿದ್ದಳು ಎಂದು ಈಶ್ವರಿ ಲೆಕ್ಕ ಹಾಕಿ ಗಂಡನ ಜೊತೆ ಎರಡು ದಿನ ಮಾತು ಬಿಟ್ಟರು. ಮೇದಪ್ಪನವರು ಆ ಎರಡು ದಿನವನ್ನು ಯಾರಿಗೂ ತೋರಿಸಿಕೊಂಡು ತಿರುಗಲಿಲ್ಲ. ಪೋಲೆಂಡಿನಿಂದ ಬಣ್ಣ ಬಳಿಯದ ಗೊಂಬೆಗಳ ಪೊಟ್ಟಣ ಬಂದ ದಿನ ಸಲಾಂ ಅದನ್ನು ಪೋಸ್ಟ್‌ಮ್ಯಾನ್‌ನ ಕೈಯಿಂದ ತಾನೇ ತೆಗೆದುಕೊಂಡು ಬಂದು, ಬಾಗಿಲಲ್ಲೇ ನಿಂತು, "ಎಂತ ಭಾರ ಉಂಟು, ಛೆ, ಪೆಟ್ಟಿಗೆ ಏನೂ ಚಂದ ಇಲ್ಲ" ಎಂದು ದೃಷ್ಟಿ ಕಳೆದು ಒಳಗೆ ಕೊಟ್ಟ.

ಮುಂದಿನ ತಿಂಗಳು ಭವಿತಾ ಹೊಸ ಗೊಂಬೆ ಮಾಡಿದಳು. ಶಾಲು ಹೊದ್ದು, ಕುರ್ಚಿಯ ತುದಿಯಲ್ಲಿ ಕುಳಿತು, ಗಲ್ಲ ಎತ್ತಿ, ಬಲಗೈ ತೋರುಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡ ಒಬ್ಬ ಮಹನೀಯ. ಹೆಬ್ಬೆರಳು ಸರಿಯಾದ ಬದಿಯಲ್ಲೇ ಇತ್ತು. ಬೊಟ್ಟನ್ನು ಈ ಬಾರಿ ಕಿವಿಯ ಹಿಂದೆ ಅಲ್ಲ, ಎಲ್ಲರಿಗೂ ಕಾಣುವ ಹಾಗೆ ಕೆನ್ನೆಯ ನಡುವೆ ಇಟ್ಟಿದ್ದಳು. ಪೋರ್ಚುಗಲ್ಲಿನವನು ಒಂಬತ್ತು ಕೊಟ್ಟು, "ಬೊಟ್ಟು ಇದೆ, ಧೈರ್ಯವಾಗಿ ಹೊಗಳುತ್ತೇನೆ" ಎಂದು ಬರೆದ.

ಮನೆಯವರೆಲ್ಲ ಮೇದಪ್ಪನವರ ಸುತ್ತ ನಿಂತರು. ಅವರು ಭೂತಗನ್ನಡಿ ಹಿಡಿದು ಹಿಂದೆ ಮುಂದೆ, ಮೇಲೆ ಕೆಳಗೆ ಎಲ್ಲ ನೋಡಿದರು. ಕೊನೆಗೆ ಎಂಟು ಕೊಟ್ಟರು. ಮೂಗನ್ನು ತುಸು ದೊಡ್ಡದು ಮಾಡಿದ್ದಕ್ಕೆ ಎರಡು ಕಳೆದದ್ದು ಎಂದು ಕಾರಣ ಹೇಳಿದರು. ಮೂಗು ಇದ್ದಷ್ಟೇ ಇದೆ ಎಂದು ಈಶ್ವರಿ ಇವತ್ತಿಗೂ ವಾದಿಸುತ್ತಾರೆ.